ಏಳು ಮಕ್ಕಳ ಶಾಲೆ, ಮೂವತ್ತನಾಲ್ಕು ಮಕ್ಕಳ ಹೊಲ

ನಮ್ಮ ವಿಭಾಗದ ಶಾಲೆಗಳನ್ನು ತೆರೆಯುವ ಮತ್ತು ಮುಚ್ಚುವ ಅಧಿಕಾರವುಳ್ಳ ಮಾನ್ಯ ಶಿಕ್ಷಣಾಧಿಕಾರಿಗಳೇ,

ಒಂದೇ ವಾರದಲ್ಲಿ, ನಿಮ್ಮ ಕಚೇರಿಯ ಒಂದೇ ಶಿಕ್ಕಾ ಹೊತ್ತ ಎರಡು ಕಾಗದಗಳು ನಮ್ಮ ಹಮಾಲರ ಬಸ್ತಿಗೆ ಬಂದಿವೆ. ಇಲ್ಲಿನ ಕನ್ನಡ ಶಾಲೆಯಲ್ಲಿ ಏಳೇ ಮಕ್ಕಳಿರುವುದರಿಂದ ಬರುವ ಜೂನ್‌ನಿಂದ ಅದನ್ನು ಮುಚ್ಚಿ, ಹೆದ್ದಾರಿಯ ಆಚೆ ಮೂರು ಕಿಲೋಮೀಟರ್ ದೂರದ ಶಾಲೆಯಲ್ಲಿ ವಿಲೀನ ಮಾಡಲಾಗುವುದು ಎಂದು ಮೊದಲನೆಯದು ಹೇಳುತ್ತದೆ. ಇದೇ ಬಸ್ತಿಯಲ್ಲಿ ಶಾಲೆಗೆ ಹೋಗದ ಮೂವತ್ತನಾಲ್ಕು ಮಕ್ಕಳು ಪತ್ತೆಯಾಗಿದ್ದು, ಅವರನ್ನು ಕೂಡಲೇ ಹತ್ತಿರದ ಶಾಲೆಗೆ ಸೇರಿಸಬೇಕು ಎಂದು ಎರಡನೆಯದು ಹೇಳುತ್ತದೆ. ಹತ್ತಿರದ ಶಾಲೆ ಯಾವುದೆಂದೂ ನೀವೇ ಬರೆದಿದ್ದೀರಿ. ನೀವು ಮುಚ್ಚಲು ಹೊರಟಿರುವುದೇ ಅದು.

ಏಳಕ್ಕೆ ಮೂವತ್ತನಾಲ್ಕು ಕೂಡಿಸಿದರೆ ನಲವತ್ತೊಂದು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳೂ ನಲವತ್ತೊಂದು. ನಾನು ಆಳಂದದ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಪಾಸಾದವಳು, ಗಣಿತದಲ್ಲಿ ಐವತ್ತೆಂಟು ಅಂಕ ಪಡೆದವಳು. ನಿಮ್ಮಷ್ಟು ಓದಿಲ್ಲ. ಆದರೂ ಈ ಲೆಕ್ಕಕ್ಕೆ ನನ್ನ ಓದು ಸಾಕಾಯಿತು. ನಿಮ್ಮ ಓದು ಏಕೆ ಸಾಲದೇ ಹೋಯಿತು ಎಂಬುದು ನನಗೆ ಅರ್ಥವಾಗಿಲ್ಲ.

ನಿಮಗೆ ಕನ್ನಡ ಬರುವುದಿಲ್ಲ ಎಂದು ನನಗೆ ಗೊತ್ತಿದೆ. ಮರಾಠಿಯಲ್ಲಿ ಬರೆಸಿದ ಅರ್ಜಿಯನ್ನು ನಿಮ್ಮ ಕಚೇರಿಗೆ ಕೊಟ್ಟು ಐದು ವಾರವಾಯಿತು. ಅದರ ಮೇಲೆ ಒಂದು ಗುಂಡನೆಯ ಮುದ್ರೆ ಬಿದ್ದುದನ್ನು ಕಣ್ಣಾರೆ ಕಂಡಿದ್ದೇನೆ, ಅದರಾಚೆ ಏನೂ ಕಂಡಿಲ್ಲ. ಈ ಪತ್ರವನ್ನು ಅಚ್ಚು ಹಾಕುವ ಕನ್ನಡ ಪತ್ರಿಕೆ ಓದುವವರಲ್ಲಿ ನಿಮ್ಮ ಬಳಿ ಕೆಲಸ ಮಾಡುವವರೂ ಇದ್ದಾರೆ. ಅವರಲ್ಲೊಬ್ಬರು ಚಹಾದ ಹೊತ್ತಿಗೆ ಇದನ್ನು ನಿಮಗೆ ಓದಿ ಹೇಳಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಕಲ್ಯಾಣದಿಂದ ಭಿವಂಡಿಗೆ ಹೋಗುವ ರಸ್ತೆಯಲ್ಲಿ ಗೋದಾಮುಗಳ ಹಿಂದೆ ನಮ್ಮ ಬಸ್ತಿ ಇದೆ. ಹೆಚ್ಚಿನವರು ಕಲಬುರಗಿ, ವಿಜಯಪುರದ ಕಡೆಯವರು, ಗೋದಾಮುಗಳಲ್ಲಿ ಹಮಾಲಿ ಮಾಡುವವರು. ಊರು ಬಿಟ್ಟು ಎಷ್ಟೇ ವರ್ಷವಾದರೂ ನಾವು ಎಳ್ಳ ಅಮಾವಾಸ್ಯೆ ಬಿಟ್ಟಿಲ್ಲ. ಆ ದಿನ ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಲೆ ಕೂಡಿಸಿ ಮಾಡಿದ ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಮೊದಲ ತುತ್ತನ್ನು ಬೆಳೆಗೆ ಎರಚಿ, ಆಮೇಲೆ ಎಲ್ಲರೂ ಕೂತು ಉಣ್ಣುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಇಲ್ಲಿ ನಮಗೆ ಸ್ವಂತ ಹೊಲವಿಲ್ಲ. ಬಸ್ತಿಯ ಪಕ್ಕದಲ್ಲಿ ಭುಜಂಗ ಎಂಬ, ಇಲ್ಲಿನವರೇ ಆದ ಆಗ್ರಿ ಸಮುದಾಯದ ರೈತರು ಅರ್ಧ ಎಕರೆಯಲ್ಲಿ ಮೆಂತ್ಯ, ಪಾಲಕ್ ಬೆಳೆಯುತ್ತಾರೆ. ಹನ್ನೆರಡು ವರ್ಷದಿಂದ ಅವರ ಹೊಲವೇ ಆ ಒಂದು ದಿನ ನಮ್ಮ ಹೊಲ. ಮೆಂತ್ಯದ ಮೇಲೆ ಅನ್ನ ಎರಚುವುದನ್ನು ಮೊದಲ ವರ್ಷ ಅವರು ಅನುಮಾನದಿಂದ ನೋಡಿದರು. ಈಗ ನಾವು ಬರುವುದು ತಡವಾದರೆ ಫೋನು ಮಾಡುತ್ತಾರೆ.

ಈ ಸಲ ಅಮಾವಾಸ್ಯೆ ಶುಕ್ರವಾರ ಬಂತು. ಒಂದು ಮಗುವೂ ಅಂದು ಶಾಲೆಗೆ ಹೋಗಕೂಡದು ಎಂದು ನಾನು ಹಿಂದಿನ ದಿನವೇ ಮನೆಮನೆಗೆ ಹೇಳಿ ಬಂದೆ. ನಾನು ಹೇಳಿದರೆ ಬಸ್ತಿಯಲ್ಲಿ ಅಲ್ಲವೆನ್ನುವವರಿಲ್ಲ. ಹಾಗಾಗಿ ಶಾಲೆಗೆ ಹೋದವರು ಏಳು ಮಕ್ಕಳು, ರಸ್ತೆಬದಿಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವರ ಮಕ್ಕಳು. ಅವರಿಗೆ ಈ ಹಬ್ಬವಿಲ್ಲ. ನಿಮ್ಮ ತಪಾಸಣೆಯ ಸಾಹೇಬರು ಶಾಲೆಯ ತಲೆ ಎಣಿಸಲು ಇಡೀ ವರ್ಷದಲ್ಲಿ ಆರಿಸಿಕೊಂಡ ದಿನವೂ ಅದೇ. ಕಚೇರಿಯಲ್ಲಿ ಲಾತೂರಿನವರು ಯಾರಾದರೂ ಇದ್ದರೆ ಕೇಳಿ ನೋಡಿ. ಅಲ್ಲಿ ಇದೇ ಹಬ್ಬಕ್ಕೆ ವೇಳ ಅಮಾವಾಸ್ಯೆ ಎನ್ನುತ್ತಾರೆ, ಆ ದಿನ ಪೇಟೆಗೆ ಪೇಟೆಯೇ ಹೊಲದಲ್ಲಿರುತ್ತದೆ.

ಸಾಹೇಬರು ಶಾಲೆಗೆ ಹೋಗುವ ಮೊದಲು ದಾರಿ ತಪ್ಪಿ ನಮ್ಮ ಬಳಿಗೇ ಬಂದರು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು, ಬಿಸಿಲಿಗೆ ಮುಖ ಕೆಂಪಾಗಿತ್ತು. ಹೊಲದ ತುಂಬ ಓಡಾಡುವ ಮಕ್ಕಳನ್ನು ಕಂಡು ನಿಂತರು.

“ಆಜೀ, ಹೀ ಮುಲಂ ಶಾಳೇತ ಜಾತ ನಾಹೀತ ಕಾ?” ಎಂದರು. ಈ ಮಕ್ಕಳು ಶಾಲೆಗೆ ಹೋಗುವುದಿಲ್ಲವೇ ಎಂದು ಕೇಳಿದರು.

ಹಬ್ಬದ ದಿನ ಹೊಲಕ್ಕೆ ಬಂದವರನ್ನು ನಿಲ್ಲಿಸಿಕೊಂಡು ಮಾತಾಡುವುದು ನಮ್ಮಲ್ಲಿಲ್ಲ. “ಶಾಳಾ ರೋಜಚೀಚ ಆಹೇ. ಆಧೀ ಜೇವಾ,” ಎಂದೆ. ಶಾಲೆ ದಿನಾ ಇದ್ದದ್ದೇ, ಮೊದಲು ಉಣ್ಣಿರಿ ಎಂದು.

ಅವರು ಉಂಡರು. ಮನಸ್ಸಿಟ್ಟು ಉಂಡರು, ಅದನ್ನು ಒಪ್ಪಲೇಬೇಕು. ಮೂರು ಕಡುಬು ತಿಂದು, ಭಜ್ಜಿಯನ್ನು ಎರಡನೇ ಸಲ ತಾವಾಗಿ ಕೇಳಿ ಹಾಕಿಸಿಕೊಂಡರು. ಉಣ್ಣುತ್ತಲೇ ಮಕ್ಕಳ ಕಡೆ ಬೆರಳು ಆಡಿಸುತ್ತಿದ್ದರು. ಮಕ್ಕಳೆಂದರೆ ಪ್ರೀತಿ ಇರಬೇಕು, ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ಎಣಿಸುತ್ತಿದ್ದರು ಎಂದು ಎರಡನೇ ಕಾಗದ ಬಂದ ಮೇಲೆ ತಿಳಿಯಿತು. ಕೈ ತೊಳೆದು, ನಮಸ್ಕಾರ ಹೇಳಿ, ಶಾಲೆಯ ದಾರಿ ಕೇಳಿಕೊಂಡು ಹೋದರು. ಅಲ್ಲಿ ಏಳು ಎಂದು ಬರೆದರು. ಮೂವತ್ತನಾಲ್ಕು ಮಕ್ಕಳ ನಡುವೆ ಕೂತು ಉಂಡೆದ್ದ ಮನುಷ್ಯ ಅರ್ಧ ಗಂಟೆಯೊಳಗೆ ಖಾಲಿ ಬೆಂಚುಗಳನ್ನು ನೋಡಿಯೂ ಈ ಎರಡನ್ನು ಜೋಡಿಸಲಿಲ್ಲವೆಂದರೆ, ಸಜ್ಜೆ ಕಡುಬು ಇಷ್ಟು ನಿದ್ದೆ ತರಿಸುತ್ತದೆಯೇ?

ಸುದ್ದಿ ತಿಳಿದ ದಿನ ನಾನು ಶಾಲೆಯ ಜಯಲತಾ ಟೀಚರ್ ಮೇಲೆ ಹರಿಹಾಯ್ದೆ. ಅವರು ಕಾರ್ಕಳದ ಕಡೆಯವರು, ಕಳೆದ ಜೂನ್‌ನಲ್ಲಿ ಬಂದವರು. ಹಿಂದಿದ್ದ ಮಾಸ್ತರರು ವಿಜಯಪುರದ ಇಂಡಿ ಕಡೆಯವರಾಗಿದ್ದರು, ಅಮಾವಾಸ್ಯೆಗೆ ತಾವೇ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಬರುತ್ತಿದ್ದರು.

“ಎಂತದ್ದು ಅಜ್ಜಿ, ನಿಮ್ಮ ಹಬ್ಬ ನನಗೆ ಹೇಗೆ ಗೊತ್ತಾಗ್ಬೇಕು? ಒಬ್ಬರಾದ್ರೂ ಹೇಳಿದ್ರಾ?” ಎಂದರು ಟೀಚರ್.

“ಹಾಜರಿ ಪುಸ್ತಕರೆ ತೋರಸಬೇಕಿತ್ತಲ್ಲರಿ.”

“ತೋರಿಸಿದೆ ಮಾರಾಯ್ರೆ. ಅವರಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಪುಸ್ತಕ ಬದಿಗಿಟ್ಟು ತಲೆ ಎಣಿಸಿದ್ರು. ಒಂದು ರಜೆ ಚೀಟಿ ಇದ್ದಿದ್ರೆ ನಾನು ಅದನ್ನಾದ್ರೂ ಹಿಡಿದು ಮಾತಾಡ್ತಿದ್ದೆ.”

“ಚೀಟಿ ನಾ ಬರದೀನಿ,” ಎಂದೆ ಗಟ್ಟಿಯಾಗಿ. “ಮೂವತ್ನಾಕ ಹುಡುಗೂರದೂ ಸೇರಿಸಿ ಒಂದ ಹಾಳಿ ಮ್ಯಾಲ ಬರದೀನಿ. ಕಾಂಚನಾನ ಕೈಯಾಗ ಕೊಟ್ಟೀನಿ.”

ಟೀಚರ್ ನನ್ನ ಮುಖ ನೋಡಿದರು. “ಕಾಂಚನಾ ಆ ದಿವಸ ಶಾಲೆಗೆ ಬಂದಿದ್ಲಾ ಅಜ್ಜಿ?”

ಕಾಂಚನಾ ನನ್ನ ಮೊಮ್ಮಗಳು, ಮೂರನೇ ತರಗತಿ. ಆ ದಿನ ಅವಳು ನನ್ನ ಪಕ್ಕದಲ್ಲೇ ಕೂತು ಕಡುಬು ತಿನ್ನುತ್ತಿದ್ದಳು. ಚೀಟಿ ಅವಳ ಶಾಲೆಯ ಚೀಲದಲ್ಲಿ ಭೂಗೋಳದ ಪುಸ್ತಕದೊಳಗೆ ಮಡಿಕೆ ಕೆಡದೆ ಇತ್ತು. ರಜೆ ಹಾಕುವವಳ ಕೈಯಲ್ಲೇ ರಜೆ ಚೀಟಿ ಕೊಟ್ಟವಳು ನಾನು. ನಿಮ್ಮ ಸಾಹೇಬರ ಲೆಕ್ಕವನ್ನು ನೋಡಿ ಇಷ್ಟು ಹೊತ್ತು ನಕ್ಕ ಮೇಲೆ ಇದನ್ನು ಬಚ್ಚಿಟ್ಟರೆ ನ್ಯಾಯವಲ್ಲ, ಅದಕ್ಕೇ ಬರೆದಿದ್ದೇನೆ. ಅರವತ್ತೇಳು ವರ್ಷದಲ್ಲಿ ನಾನು ಯಾರೆದುರೂ ತಪ್ಪಾಯಿತು ಎಂದವಳಲ್ಲ. ಈಗ ಎನ್ನುತ್ತೇನೆ. ಆ ಮಕ್ಕಳನ್ನು ಅಂದು ಬಿಡಿಸಿದ್ದು ನನ್ನ ತಪ್ಪಾಗಿದ್ದರೆ ಶಿಕ್ಷೆ ನನಗಾಗಲಿ. ಮಕ್ಕಳ ಶಾಲೆಗೆ ಏಕೆ?

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೂ ಹೋಗಿದ್ದೆ. ಎರಡೂ ಕಾಗದಗಳನ್ನು ಜೋಡಿಸಿ ಗುಮಾಸ್ತರ ಮುಂದಿಟ್ಟೆ.

“ಮೌಶೀ, ಯೆ ಅಲಗ್ ಟೇಬಲ್ ಕಾ ಹೈ, ವೋ ಅಲಗ್ ಟೇಬಲ್ ಕಾ,” ಎಂದರು. ಒಂದೊಂದು ಕಾಗದ ಒಂದೊಂದು ಮೇಜಿನದಂತೆ. ಎರಡು ಮೇಜುಗಳ ನಡುವೆ ನಡೆದು ನೋಡಿದೆ. ಎಂಟು ಹೆಜ್ಜೆ. ನನ್ನ ಮೊಣಕಾಲು ನೋವಿದೆ, ಆದರೂ ಎಂಟೇ ಹೆಜ್ಜೆ. ಈ ಎಂಟು ಹೆಜ್ಜೆಯನ್ನು ನಿಮ್ಮ ಕಚೇರಿಯಲ್ಲಿ ಯಾರೂ ನಡೆಯದ ಕಾರಣ ನಮ್ಮ ಮಕ್ಕಳು ದಿನಾ ಮೂರು ಕಿಲೋಮೀಟರ್ ನಡೆಯಬೇಕೇ?

ನಡೆಯುವುದು ಕೂಡ ದೊಡ್ಡ ಮಾತಲ್ಲ. ನಡುವೆ ಇರುವ ರಸ್ತೆಯದೇ ಚಿಂತೆ. ನನ್ನ ಮಗ, ಕಾಂಚನಾಳ ಅಪ್ಪ ದಿಲೀಪ ಗೋದಾಮಿನಲ್ಲಿ ಕಂಟೇನರ್ ಖಾಲಿ ಮಾಡುವವನು. ನಿಮ್ಮ ಮೊದಲ ಕಾಗದವನ್ನು ಓದಿಸಿಕೊಂಡು ಕೇಳಿ, ಮಡಚಿಟ್ಟ.

“ಯವ್ವಾ, ಆ ಗಾಡಿ ಹೊಡೆಯೋರ ಜೋಡಿ ನಾ ದಿನಾ ಇರ್ತೀನಿ. ಮ್ಯಾಲ ಕುಂತವಗ ನನ್ನಂಥ ಆಳೇ ಕಾಣಂಗಿಲ್ಲ, ಇಕಿ ಎಲ್ಲಿ ಕಾಣ್ತಾಳ? ಜೂನ್‌ದಿಂದ ಮನ್ಯಾಗ ಇರ್ಲಿ,” ಎಂದ.

ಅವನು ಕೆಟ್ಟ ತಂದೆಯಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುತ್ತಾರೆ. ಮಗುವನ್ನು ಆ ರಸ್ತೆ ದಾಟಿಸಲು ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ, ನನ್ನ ಕಾಲು ಅಷ್ಟು ದೂರ ಬರುವುದಿಲ್ಲ. ಕಾಂಚನಾ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. “ಆಯಿ, ತೋ ಮೈ ಚೌಥೀ ಮೇ ನಹೀ ಜಾಊಂಗೀ ಕ್ಯಾ?” ಎಂದು ನನ್ನನ್ನು ಕೇಳಿದಳು. ನಾಲ್ಕನೇ ತರಗತಿಗೆ ತಾನು ಹೋಗುವುದಿಲ್ಲವೇ ಎಂದು. ಮನೆಯಲ್ಲಿ ಹಿಂದಿ ಆಡಿದರೆ ನಾನು ಬಿಡುವವಳಲ್ಲ. ಅಂದು ಬಿಟ್ಟೆ.

ಈಗ ನನ್ನ ಬೇಡಿಕೆ. ಶಾಲೆ ನಡೆಯುವ ಯಾವ ದಿನವಾದರೂ ಸರಿ, ನೀವೇ ಬಂದು ಎಣಿಸಿ. ಮುಂಚಿತವಾಗಿ ತಿಳಿಸಬೇಕಿಲ್ಲ, ಉಪಚಾರ ಇರುವುದಿಲ್ಲ. ಕನ್ನಡ ಓದಬಲ್ಲ ಒಬ್ಬರನ್ನು ಜೊತೆಗೆ ಕರೆತಂದು ಹಾಜರಿ ಪುಸ್ತಕದ ಹೆಸರು ಕೂಗಿಸಿ. ಎದ್ದು ನಿಂತ ಮಕ್ಕಳನ್ನು ನೋಡಿ ಆ ಎರಡು ಕಾಗದಗಳನ್ನೂ ಅಲ್ಲೇ ರದ್ದು ಮಾಡಿ.

ಆದರೆ ಬೇಗ ಬನ್ನಿ. ಶಾಲೆ ಹೋಗುತ್ತದೆ ಎಂಬ ಸುದ್ದಿ ಬಸ್ತಿಯಲ್ಲಿ ಹರಡಿದೆ. ಪಕ್ಕದ ಮನೆಯ ಮಾಪಣ್ಣ ತನ್ನ ಇಬ್ಬರು ಮಕ್ಕಳನ್ನು ಹೋದ ವಾರ ಊರಿನ ಹಾಸ್ಟೆಲಿಗೆ ಬಿಟ್ಟು ಬಂದ. ಇನ್ನೊಬ್ಬಳು ಹುಡುಗಿ ಹೇಗೂ ಬಿಡುವುದೇ ಎಂದು ಈಗಲೇ ಬಿಟ್ಟು, ತಾಯಿ ಕೆಲಸ ಮಾಡುವ ಕಟ್ಟಡದ ಬಳಿ ಮರಳಿನ ಮೇಲೆ ತಮ್ಮನನ್ನು ಆಡಿಸುತ್ತ ಕೂರುತ್ತಾಳೆ. ನಿಮ್ಮ ಎರಡನೇ ಮೇಜಿನವರಿಗೆ ಶಾಲೆ ಬಿಟ್ಟ ಮಗು ಬೇಕಿದ್ದರೆ ಈಗ ನಿಜವಾಗಿಯೂ ಒಂದು ಸಿಗುತ್ತದೆ. ಈ ಸೋಮವಾರ ನಾನೇ ಹೋಗಿ ಎಣಿಸಿದೆ, ಮೂವತ್ತೆಂಟು. ನೀವು ಬರೆದ ಏಳು ಅಂದು ಸುಳ್ಳಾಗಿತ್ತು. ನೀವು ಹೀಗೇ ತಡ ಮಾಡಿದರೆ ಅದು ತಾನಾಗಿ ನಿಜವಾಗುತ್ತದೆ, ಆಗ ನನ್ನ ಬಳಿ ಬರೆಯಲು ಏನೂ ಉಳಿಯುವುದಿಲ್ಲ.

ಇಂತಿ,
ಬೇಡಿ ಅಭ್ಯಾಸವಿಲ್ಲದಿದ್ದರೂ ಬೇಡುತ್ತಿರುವ
ಚಂದ್ರಬಾಯಿ
(ಮೂರನೇ ತರಗತಿಯ ಕಾಂಚನಾಳ ಅಜ್ಜಿ)