ಇಪ್ಪತ್ತನಾಲ್ಕರ ಲೆನ್ಸಿನಲ್ಲಿ ನಮ್ಮ ಮನೆ

ಸಾಲ್ಮಿಯಾ, ಕುವೈತ್
೧೪ ನವೆಂಬರ್ ೨೦೨೫

ಪ್ರೀತಿಯ ಪರ್ಲ್,

ಹೇಗಿದ್ದೀ? ನಿನ್ನ ಪಪ್ಪನ ಮೊಣಕಾಲು ನೋವು ಕಡಿಮೆಯಾಯಿತಾ? ಉತ್ತರ ತಡವಾಯಿತೆಂದು ಬೈಯಬೇಡ ಮಾರಾಯ್ತಿ. ಇಲ್ಲೀಗ ಮದುವೆಗಳ ಕಾಲ. ಹೆಂಗಸರ ಹಾಲ್‌ಗೆ ಗಂಡಸು ಫೋಟೋಗ್ರಾಫರ್ ಕಾಲಿಡುವಂತಿಲ್ಲ, ಹಾಗಾಗಿ ನನಗೆ ಪುರುಸೊತ್ತೇ ಇಲ್ಲ.

ನಮ್ಮ ಸ್ಟುಡಿಯೋದಲ್ಲಿ ಕೆಲಸ ಕಲಿತವರ ಕುಟುಂಬದ ಫೋಟೋಗಳನ್ನು ಗೋಡೆಗೆ ಹಾಕುತ್ತೇನೆ, ನಿನ್ನದೂ ಕಳಿಸು ಎಂದು ಎಷ್ಟು ಸಲ ಕೇಳಿದೆ ನೀನು! "ನೀನು ಕಳಿಸುದೆಲ್ಲ ಎಂಬತ್ತೈದರ ಲೆನ್ಸಿನದ್ದೇ. ಬರೇ ನಿನ್ನ ಮುಖ, ಮಗಳ ಮುಖ. ಮನೆ ಎಲ್ಲಿ? ನಿನ್ನ ಗಂಡ ನಿಯಾಝ್ ಎಲ್ಲಿ?" ಎಂದು ಜಗಳಕ್ಕೇ ಬಂದೆ. ಸ್ಟುಡಿಯೋ ನಡೆಸುವವಳ ಕಣ್ಣು ತಪ್ಪಿಸುವುದು ಸುಲಭವಲ್ಲ.

ಮಮ್ಮಾಲಿ ಬ್ಯಾರಿಯ ಇಡೀ ಕುಟುಂಬ ಹಬ್ಬಕ್ಕೆ ಫೋಟೋ ತೆಗೆಸಲು ಬಂದದ್ದು ನೆನಪಿದೆಯಾ? ನಾನು ಅದೇ ಎಂಬತ್ತೈದು ಹಾಕಿಕೊಂಡು, ಎಲ್ಲರೂ ಹಿಡಿಸಲಿ ಎಂದು ಹಿಂದೆ ಸರಿದು ಸರಿದು ಬಾಗಿಲು ದಾಟಿ ರಸ್ತೆಗೇ ಇಳಿದಿದ್ದೆ. ರಿಕ್ಷಾದವನು ಹಾರ್ನ್ ಹೊಡೆದ. ಪಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಗಾ, ಬಸ್‌ಸ್ಟ್ಯಾಂಡಿಗೆ ಹೋಗಿ ತೆಗೀತೀಯಾ? ಲೆನ್ಸಿನ ನಂಬರು ಸಣ್ಣ ಆದಷ್ಟು ನೋಟ ಅಗಲ ಆಗ್ತದೆ. ಇಪ್ಪತ್ತನಾಲ್ಕು ಹಾಕು, ನಿಂತಲ್ಲಿಂದಲೇ ಗೋಡೆಯಿಂದ ಗೋಡೆಗೆ ಸಿಗ್ತದೆ. ದೊಡ್ಡ ನಂಬರು ಒಬ್ಬರ ಮುಖಕ್ಕೆ ಚಂದ, ಬಾಕಿಯವರೆಲ್ಲ ಹೊರಗೆ."

ಸಂಜೆ ನಾವಿಬ್ಬರೂ ಒಂದೇ ಪೊಟ್ಟಣದಿಂದ ಗೋಳಿಬಜೆ ತಿಂದು, ಎಣ್ಣೆ ಕೈಯಲ್ಲಿ ಲೆನ್ಸ್ ಮುಟ್ಟಿ ಬೈಸಿಕೊಳ್ಳುತ್ತಿದ್ದೆವು. ಆ ದಿನಗಳು ಬೇಕು ಅನಿಸುತ್ತದೆ ಪರ್ಲ್, ತುಂಬಾ ಬೇಕು ಅನಿಸುತ್ತದೆ.

ಕೊನೆಗೂ ನೀನು ಕೇಳಿದ ಫೋಟೋ ತೆಗೆದೆ, ಇಪ್ಪತ್ತನಾಲ್ಕರಲ್ಲಿ. ಸೋಫಾ, ಊಟದ ಮೇಜು, ಕಿಟಕಿಯಾಚೆಯ ಸಮುದ್ರ ಎಲ್ಲ ಬಂದಿದೆ. "ಉಮ್ಮಾ, ಸೋ ಫಾರ್! ನನ್ನ ಫೇಸೇ ಕಾಣೋದಿಲ್ಲ" ಎಂದು ಮಗಳು ರಶೀನಾ ಮುಖ ಊದಿಸಿಕೊಂಡಳು. ಪ್ರಿಂಟ್ ಹಾಕಿಸಿ, ಊರಿಗೆ ಹೊರಟ ಪಕ್ಕದ ಮನೆಯ ಆಯಿಶಮ್ಮನ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ಪಪ್ಪನಿಗೆ ನನ್ನ ಸಲಾಂ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ, ನಿನ್ನ ಮಕ್ಕಳು ನೂರು ಕಾಲ ಬಾಳಲಿ.

ನಿನ್ನ,
ಮುರ್ಶಿದಾ

ಮರೆತಿದ್ದೆ: ಫೋಟೋದಲ್ಲಿ ನಾನು, ರಶೀನಾ ಇಬ್ಬರೇ ಇದ್ದೇವೆ. ನಿಯಾಝ್ ಕ್ಯಾಮೆರಾ ಹಿಡಿದಿರಬೇಕು ಅಂದುಕೊಳ್ಳಬೇಡ. ಟೈಮರ್ ಹಾಕಿ ಓಡಿ ಬಂದು ಕೂತದ್ದು ನಾನೇ. ಅವರು ಕಳೆದ ರಂಜಾನಿಗೆ ಮೊದಲೇ ನಮ್ಮನ್ನು ಬಿಟ್ಟು ಹೋಗಿ ಇಲ್ಲೇ ಕುವೈತಿನ ಎಗೈಲಾದಲ್ಲಿ ಬೇರೆ ಮನೆ ಮಾಡಿದ್ದಾರೆ. ಊರಲ್ಲಿ ಯಾರಿಗೂ ಹೇಳಿಲ್ಲ. ಫೋಟೋ ಗೋಡೆಗೆ ಹಾಕು, ಅಡ್ಡಿಯಿಲ್ಲ. ಆದರೆ ನನ್ನ ಉಮ್ಮ ಅದನ್ನು ನೋಡಲು ಬಂದೇ ಬರುತ್ತಾರೆ. ಅದಕ್ಕೆ ಮೊದಲು ನೀನೇ ಅವರ ಮನೆಗೆ ಹೋಗಿ, ಅವರ ಪಕ್ಕ ಕೂತು ಹೇಳುತ್ತೀಯಾ?