ಹಿತ್ತಲಿನ ತುಂಬೆಯ ಬೀಜ

ಗಡಹಿಂಗ್ಲಜ್
೧೮-೧೧-೧೯೬೭

ವೈನಿಯವರಿಗೆ ನಮಸ್ಕಾರ.

ಶಾಲೆಯಲ್ಲಿ ರಜೆ ಸಿಗಲಿಲ್ಲ. ಅವ್ವನ ಪುಣ್ಯತಿಥಿಯನ್ನು ಇಲ್ಲೇ ಮಾಡಿದೆ. ಪೂಜೆಗೆ ತುಂಬೆ ಹೂ ಬೇಕೆಂದು ಮನೆಯೊಡತಿ ಅನ್ನವ್ವನವರನ್ನು ಕೇಳಿದರೆ, ಬೊಗಸೆ ತುಂಬ ಬೇರೇನೋ ಬಿಳಿ ಹೂ ತಂದರು. "ತುಂಬಿ ಎಲ್ಲೈತ್ರೀ ಬಾಯಾರ? ಗಜ್ಜರಿ ಎಲಿ ಹಂಗಿರೋ ಈ ಗಾಜರ ಹುಲ್ಲು ಬಂದು ಹಿತ್ತಲನೆಲ್ಲಾ ನುಂಗೇತಿ. ಬೆಳ್ಳಗ ಅದಾವಲ್ಲ, ಶಿವ ಏನ್ ಮೂಸಿ ನೋಡ್ತಾನ?" ಎಂದರು. ಬೇಡವೆನ್ನಲಾಗದೆ ಏರಿಸಿದೆ. ಸಂಜೆಗೆ ಇಬ್ಬರ ಕೈಗೂ ತುರಿಕೆ. "ಮೂಸಿ ನೋಡ್ಯಾನ್ರೀ!" ಎಂದು ಅವರೇ ನಕ್ಕರು.

ಮರುದಿನ ಕೈಗೆ ಅರಿವೆ ಸುತ್ತಿಕೊಂಡು, ಉಳಿದ ಹೂ ಬೀಜವಾಗುವ ಮೊದಲೇ ಆ ಹುಲ್ಲನ್ನೆಲ್ಲ ಬೇರುಸಹಿತ ಕಿತ್ತೆವು. ಕೊಬ್ಬರಿ ಎಣ್ಣೆಗೆ ತುರಿಕೆ ಇಳಿದಿದೆ, ಚಿಂತೆ ಬೇಡ. ಆದರೆ ಆ ಬರಿ ನೆಲ ನೋಡಿದಾಗೆಲ್ಲ ನಮ್ಮ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಅವ್ವ ಹೂ ಬಿಡಿಸುತ್ತಿದ್ದ ತುಂಬೆಯ ಸಂತತಿ ಅಲ್ಲಿ ಈಗ ಒಣಗುತ್ತಿರಬೇಕು. ಬೀಜ ಉದುರಿಸಿ ಲಕೋಟೆಯಲ್ಲಿ ಕಳಿಸಿರಿ. ಬಿತ್ತುವುದು ಮುಂದಿನ ಮಳೆಗೆ. ಊರ ಕಡೆಗೆ ವರ್ಗ ಮಾಡಲು ಸಂಸ್ಥೆಯವರು ಒಪ್ಪಲಿಲ್ಲ. ಆ ಮಳೆಗೂ ನಾನು ಇಲ್ಲೇ ಇರುತ್ತೇನೆ. ಅಣ್ಣನಿಗೆ ನೀವೇ ಮೆಲ್ಲಗೆ ಹೇಳಿರಿ.

ಕಾರ್ಡು ತುಂಬಿತು.
ನಿಮ್ಮ ನೀಲಾಂಬಿಕೆ