ನಮ್ಮ ಏಳು ಕುರ್ಚಿಗಳು ನಿಮ್ಮ ಗೋದಾಮಿನಲ್ಲಿವೆ

ಮಾನ್ಯ ಆಯುಕ್ತರೇ,

ನಮ್ಮ ಏಳು ಕುರ್ಚಿಗಳನ್ನು ವಾಪಸ್ ಕೊಡಿ. ಐದು ಪ್ಲಾಸ್ಟಿಕ್ಕಿನವು, ಒಂದು ಮಡಚುವ ಕಬ್ಬಿಣದ್ದು, ಇನ್ನೊಂದು ಕೈ ಮುರಿದ ಮರದ್ದು, ಕ್ಷೌರದಂಗಡಿಯ ಅಜ್ಜಿಯದು. 'ಸಾರ್ವಜನಿಕ ರಸ್ತೆಯ ಅತಿಕ್ರಮಣ' ಎಂದು ನಿಮ್ಮ ಸಿಬ್ಬಂದಿ ಅವನ್ನು ಲಾರಿಗೆ ಎಸೆದುಕೊಂಡು ಹೋದರು. ಇಷ್ಟು ಭಯಂಕರ ಅತಿಕ್ರಮಣವನ್ನು ಬಗ್ಗುಬಡಿದಿದ್ದಕ್ಕೆ ಅಭಿನಂದಿಸೋಣವೆಂದರೆ ನನ್ನ ಬಾಯಿಗೆ ಬರುವುದೆಲ್ಲ ಬೇರೆ ಮಾತು.

ಆ ಕುರ್ಚಿಗಳಲ್ಲಿ ಕೂರುತ್ತಿದ್ದವರು ಮೇಲಿನ ಬೀದಿ ಮತ್ತು ಕೆಳಗಿನ ಬೀದಿಯ ಏಳು ಹೆಂಗಸರು. ನಮ್ಮ ಮಕ್ಕಳು, ಮೊಮ್ಮಕ್ಕಳು ಎರಡು ಗ್ಯಾಂಗು ಕಟ್ಟಿಕೊಂಡು ಒಬ್ಬರಿಗೊಬ್ಬರು ಚಾಕು ತೋರಿಸುತ್ತ ತಿರುಗತೊಡಗಿದಾಗ ನಾಲ್ಕು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆವು. ನೀವು ಕಂಬದ ಮೇಲೊಂದು ಕ್ಯಾಮೆರಾ ಹಾಕಿಸಿದಿರಿ. ಮೂರನೇ ವಾರಕ್ಕೇ ಅದು ಕಣ್ಣು ಮುಚ್ಚಿತು. ಕೊನೆಗೆ ನಾವೇ ಒಂದು ಉಪಾಯ ಹೂಡಿದೆವು. ಸಂಜೆ ಐದರಿಂದ ಎಂಟರವರೆಗೆ ನಮ್ಮ ಮೇಲಿನ ಬೀದಿಯ ಮೂವರು ಕೆಳಗಿನ ಬೀದಿಯ ಮೂಲೆಯಲ್ಲಿ, ಅವರ ಬೀದಿಯ ನಾಲ್ವರು ನಮ್ಮ ಮೂಲೆಯಲ್ಲಿ ಕುರ್ಚಿ ಹಾಕಿ ಕೂರುವುದು. ಹೊಡೆಯಲು ಹೊರಟವನು ತನ್ನ ಮನೆಯ ಹೆಂಗಸಿನ ಮುಂದೆಯೇ ಹಾದು ಹೋಗಬೇಕು. "ಎಲ್ಲಿಗೋ ಹೊರಟೆ? ಊಟ ಆಯ್ತೇನೋ?" ಎಂದು ತಾಯಿ ಬೀದಿಗೆಲ್ಲ ಕೇಳುವಂತೆ ಕೂಗಿದರೆ ಎಂಥ ರೌಡಿಯಾದರೂ ಮುಖ ಎಲ್ಲಿಡುತ್ತಾನೆ? ನಾನು ಶಾಲಾ ಸಮವಸ್ತ್ರ ಹೊಲಿಯುವವಳು. ಗುಂಡಿ ಹಾಕುವ ಕೆಲಸವನ್ನು ಅಲ್ಲೇ ಕೂತು ಮುಗಿಸುತ್ತಿದ್ದೆ. ಹದಿನಾಲ್ಕು ತಿಂಗಳು ಒಂದು ಹನಿ ರಕ್ತ ಬೀಳಲಿಲ್ಲ. ನಿಮ್ಮ ವಾರ್ಷಿಕ ವರದಿಯಲ್ಲಿ ಅದರ ಶ್ರೇಯಸ್ಸು ಕ್ಯಾಮೆರಾಕ್ಕೆ ಸಂದಿದೆ. ಬಹಳ ಸಂತೋಷ. ಆ ಕುರುಡು ಕ್ಯಾಮೆರಾಕ್ಕೆ ಬಡ್ತಿಯನ್ನೂ ಕೊಟ್ಟುಬಿಡಿ.

ಕುರ್ಚಿ ಹೋದ ಮೇಲೂ ನಾವು ಬಿಡಲಿಲ್ಲ, ನಿಂತೆವು. ಹಗಲೆಲ್ಲ ಹೊಲಿಗೆ ಯಂತ್ರ ತುಳಿದ ಕಾಲು ಎಷ್ಟು ದಿನ ನಿಂತೀತು, ಆಯುಕ್ತರೇ? ಜೊತೆಗಿದ್ದ ಇಬ್ಬರು ಎಂಟನೇ ದಿನಕ್ಕೆ ಸೋತು ಮನೆ ಹಿಡಿದರು. ಒಂಬತ್ತನೇ ಸಂಜೆ ನನ್ನ ಪಾದ ಊದಿ ಚಪ್ಪಲಿಯೂ ಹಿಡಿಸದಂತಾಯಿತು. ಆರು ಗಂಟೆಗೆ ಮನೆಗೆ ಹೋಗಿ ಕಾಲು ಚಾಚಿದೆ. ಆರೂ ಇಪ್ಪತ್ತಕ್ಕೆ ಕೆಳಗಿನ ಬೀದಿಯಲ್ಲಿ ಕ್ಷೌರದಂಗಡಿಯ ಅಜ್ಜಿಯ ಮೊಮ್ಮಗನ ಹೊಟ್ಟೆಗೆ ಚಾಕು ಬಿತ್ತು. ಹಾಕಿದವನು ನನ್ನ ಮಗ. ನಾನು ನಿಲ್ಲುತ್ತಿದ್ದ ಜಾಗವನ್ನು ತುಳಿದುಕೊಂಡೇ ಹೋಗಿದ್ದಾನೆ. ಅವನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಠಾಣೆಗೆ ಕರೆದೊಯ್ದು ಒಪ್ಪಿಸಿದವಳು ನಾನೇ. ಆದರೆ ಮೂಲೆ ಖಾಲಿ ಬಿದ್ದಿದ್ದ ಆ ಇಪ್ಪತ್ತು ನಿಮಿಷಕ್ಕೆ ಹೊಣೆ ಯಾರು? ಅದಕ್ಕೂ ನಿಮ್ಮ ವರದಿಯಲ್ಲಿ ಒಂದು ಪುಟ ಇದೆಯೇ?

ಮರುದಿನ ಅಜ್ಜಿ ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಬಂದರು. ಉಗಿಯಲು ಬಂದರೆಂದುಕೊಂಡು ತಲೆ ತಗ್ಗಿಸಿ ಬಾಗಿಲಲ್ಲೇ ನಿಂತೆ.

"ಹುಡುಗ ಕಣ್ಣು ಬಿಟ್ಟ. ನೀನ್ಯಾಕೆ ಇವತ್ತು ಮೂಲೆಗೆ ಬಂದಿಲ್ಲ?" ಎಂದರು.

"ಯಾವ ಮುಖ ಇಟ್ಕೊಂಡು ನಿಮ್ಮ ಬೀದಿಗೆ ಬರ್ಲಿ, ಅಮ್ಮಾ?"

"ನಿನ್ ಮಗ ಒಳಗಿದಾನೆ, ಅವನ ಜೊತೆಗಾರರು ಹೊರಗೇ ಇದಾರಲ್ಲ. ನಿನ್ ಮುಖ ನೋಡಿ ತಾನೇ ಅವರೆಲ್ಲ ಇಷ್ಟು ದಿನ ಸುಮ್ನಿದ್ದಿದ್ದು? ಅದೇ ಮುಖ ತಗೊಂಡು ಬಾ."

ಹೋಗುತ್ತಿದ್ದೇನೆ. ನಾಚಿಕೆಯಿಂದ ಸಾಯುತ್ತ ದಿನಾ ಹೋಗಿ ನಿಲ್ಲುತ್ತಿದ್ದೇನೆ. ಮೊಮ್ಮಗನ ಹೊಟ್ಟೆಯ ಹೊಲಿಗೆ ಇನ್ನೂ ಬಿಚ್ಚಿಲ್ಲ, ಎಪ್ಪತ್ತು ದಾಟಿದ ಆ ಅಜ್ಜಿ ಎದುರು ಮೂಲೆಯಲ್ಲಿ ಗೋಡೆಗೊರಗಿ ನಿಲ್ಲುತ್ತಾರೆ. ಸೋಮವಾರ ಸಂಜೆ ಐದರೊಳಗೆ ಏಳೂ ಕುರ್ಚಿಗಳು ಇದ್ದ ಜಾಗಕ್ಕೆ ಬರಬೇಕು, ಮೊದಲು ಅವರದು. ಜೊತೆಗೆ, ಅವನ್ನು ಇನ್ನು ಯಾರೂ ಮುಟ್ಟಕೂಡದೆಂದು ನಿಮ್ಮ ಸಹಿಯ ಒಂದು ಆದೇಶ. ಆಗುವುದಿಲ್ಲವೇ? ಹಾಗಾದರೆ ಐದರಿಂದ ಎಂಟರವರೆಗೆ ನೀವೇ ಬಂದು ನಮ್ಮ ಪಕ್ಕ ನಿಲ್ಲಿ. ಕೂರಿ ಎನ್ನಲು ನಮ್ಮಲ್ಲಿ ಕುರ್ಚಿ ಇಲ್ಲ.

ಇಂತಿ,
ಊದಿದ ಕಾಲಿನಲ್ಲಿ ನಿಮ್ಮ ರಸ್ತೆಯನ್ನು ಅತಿಕ್ರಮಿಸಿ ನಿಂತಿರುವ,
ಚಾಕು ಹಾಕಿದವನ ತಾಯಿ